ಫಿಲಿಪ್ ದ್ವೀಪದ ಪೆಂಗ್ವಿನ್‌ಗಳನ್ನು ನೋಡಲು ಹೊರಡುವ ಮುನ್ನ

ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಫಿಲಿಪ್ ದ್ವೀಪಕ್ಕೆ ಸುಮಾರು 140 ಕಿಲೋಮೀಟರ್. ದೋಣಿ ಬೇಕಿಲ್ಲ, ಸ್ಯಾನ್ ರೆಮೊ ಊರಿನಿಂದ ಸೇತುವೆಯಿದೆ. ಮೊದಲು ಆ ದಿನದ ಸೂರ್ಯಾಸ್ತದ ಸಮಯ ನೋಡಿ, ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳಿ. ಪೆಂಗ್ವಿನ್‌ಗಳು ಕತ್ತಲಾಗುವಾಗಲೇ ಕಡಲಿನಿಂದ ಮೇಲೇರುತ್ತವೆ. ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಡಿಸೆಂಬರ್ ಜನವರಿಯಲ್ಲಿ, ರಾತ್ರಿ ಒಂಬತ್ತರ ಹೊತ್ತಾಗುತ್ತದೆ. ಟಿಕೆಟನ್ನು ಮುಂಚೆಯೇ ಕಾಯ್ದಿರಿಸಿ.

ನಾನು ತೆಳುವಾದ ಅಂಗಿಯಲ್ಲಿ ಹೋಗಿ ಗಡಗಡ ನಡುಗಿದೆ. ಬೇಸಿಗೆಯಾದರೂ ದಪ್ಪ ಜಾಕೆಟ್, ಟೋಪಿ ಇರಲಿ. ಆ ಕಡಲಗಾಳಿ ಎಲುಬಿಗಿಳಿಯುತ್ತದೆ. ಛಾಯಾಚಿತ್ರಕ್ಕೆ ಅನುಮತಿಯಿಲ್ಲ. ನನಗೆ ಮೊದಲು ಬೇಸರವಾಗಿತ್ತು. ಆದರೆ ಒಂದು ಕಿಲೋ ತೂಕದ, ಮೊಣಕಾಲೆತ್ತರಕ್ಕೂ ಬಾರದ ಜೀವಗಳು ನೊರೆಯಂಚಿನಲ್ಲಿ ಗುಂಪುಗೂಡಿ, ಅಂಜಿ ಹಿಂದೆ ಸರಿದು, ಮತ್ತೆ ಧೈರ್ಯ ತಂದುಕೊಂಡು ಓಡುವುದನ್ನು ಕಂಡಾಗ ಮೊಬೈಲಿನ ನೆನಪೇ ಬರಲಿಲ್ಲ. ಅವು ಮರಳು ದಾಟಿ ಕಣ್ಮರೆಯಾದ ಕೂಡಲೇ ಹೊರಟುಬಿಡಬೇಡಿ. ನಡೆದಾಡಲು ಹಾಕಿದ ಹಲಗೆದಾರಿಯ ಪಕ್ಕದ ಬಿಲಗಳಿಗೆ ಮರಳುವಾಗ ಅವು ಇನ್ನೂ ಹತ್ತಿರ ಸಿಗುತ್ತವೆ, ಮೌನವಾಗಿ ನಿಲ್ಲಿ.

ಹಗಲಿನಲ್ಲಿ ಕೋಲಾ ಸಂರಕ್ಷಣಾ ತಾಣಕ್ಕೆ, ಬಳಿಕ ದ್ವೀಪದ ತುದಿಯಾದ ನೊಬೀಸ್‌ಗೆ ಹೋಗಬಹುದು. ಎದುರಿನ ಬಂಡೆಗಳ ಮೇಲೆ ಕಡಲುನಾಯಿಗಳು (ಸೀಲ್) ಇರುತ್ತವೆ, ದುರ್ಬೀನು ಒಯ್ಯಿರಿ.

ಹೊರಡುವಾಗ ಕಾರಿನ ಕೆಳಗೆ ಬಗ್ಗಿ ನೋಡಲು ಮರೆಯಬೇಡಿ. ಪೆಂಗ್ವಿನ್ ಅಲ್ಲಿ ಅಡಗಿರಬಹುದು.