ಕುರ್ಚಿಯಡಿಯ ಬ್ರೌನ್ ವಿಡೋ: ನಾನು ಗಮನಿಸಿದ ಬಗೆ

ನನಗೆ ಮೊದಲು ಕಂಡದ್ದು ಜೇಡ ಅಲ್ಲ, ಅದರ ಮೊಟ್ಟೆ ಚೀಲ. ಹೊರಗಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಲು ಮಗುಚಿದೆ. ಅಂಚಿನ ಮಡಿಕೆಯಲ್ಲಿ ತಿಳಿ ಹಳದಿ ಬಣ್ಣದ, ಬಟಾಣಿಯಷ್ಟು ದಪ್ಪದ ಒಂದು ಉಂಡೆ ಅಂಟಿಕೊಂಡಿತ್ತು. ಮೈತುಂಬ ನೂಲಿನ ಮುಳ್ಳು, ಥೇಟ್ ಪುಟಾಣಿ ದತ್ತೂರಿ ಕಾಯಿ. ಬ್ರೌನ್ ವಿಡೋ ಎಂಬ ಈ ವಿಷದ ಜೇಡವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಜೇಡದ ಬಣ್ಣ ತಿಳಿ ಕಂದಿನಿಂದ ಹೆಚ್ಚುಕಡಿಮೆ ಕಪ್ಪಿನವರೆಗೂ ಇರುತ್ತದೆ, ಅದನ್ನು ನಂಬಿದರೆ ಮೋಸ ಹೋಗುತ್ತೇವೆ. ಇದರ ಹತ್ತಿರದ ನೆಂಟ ಬ್ಲ್ಯಾಕ್ ವಿಡೋದ ಚೀಲಕ್ಕೆ ಈ ಮುಳ್ಳು ಇರುವುದಿಲ್ಲ.

ಕುರ್ಚಿಯನ್ನು ಮೆಲ್ಲಗೆ ನಿಲ್ಲಿಸಿ ಗೋಡೆ ಪಕ್ಕಕ್ಕೆ ಸರಿಸಿದೆ. ಯಾರೂ ಕೂರದ ಹಾಗೆ ಒಂದು ಚೀಟಿ ಅಂಟಿಸಿದೆ. ಆಮೇಲೆ ಸುಮಾರು ಎರಡು ತಿಂಗಳು, ದಿನಾ ರಾತ್ರಿ ಊಟವಾದ ಮೇಲೆ ಅಲ್ಲೇ ಬೀಡು.

ಹಗಲಲ್ಲಿ ಅದು ಮೂಲೆಯಲ್ಲಿ ಮುದುಡಿಕೊಂಡಿರುತ್ತದೆ. ಕತ್ತಲಾದ ಮೇಲೆ ಬಲೆಯ ನಡುವೆ ಬಂದು ತಲೆಕೆಳಗಾಗಿ ತೂಗುತ್ತದೆ. ಹೊಟ್ಟೆಯ ಕೆಳಗಿನ ಕಿತ್ತಳೆ ಬಣ್ಣದ ಡಮರುಗದಂಥ ಗುರುತು ನೋಡಬೇಕೆಂದು ನಾನು ನೆಲಕ್ಕೆ ಒರಗಿ ಟಾರ್ಚ್ ಬಿಟ್ಟೆ. ಕಂಡದ್ದು ಬರೀ ಬೆನ್ನು! ತಲೆಕೆಳಗಾಗಿ ತೂಗುವಾಗ ಹೊಟ್ಟೆ ಮೇಲಕ್ಕಿರುತ್ತದೆ ಅಲ್ವಾ? ಎದ್ದು ಕುರ್ಚಿಯ ಸೀಟಿನ ಸೀಳುಗಳಿಂದ ಕೆಳಗೆ ನೋಡಿದೆ. ಕೆಂಡದ ಚೂರಿನಂತೆ ಗುರುತು ಹೊಳೆಯಿತು.

ಇದರ ಬಲೆ ಚಕ್ರದಂತೆ ಅಂದವಾಗಿರುವುದಿಲ್ಲ. ಸಿಕ್ಕುಸಿಕ್ಕಾದ ನೂಲಿನ ಗೊಂಚಲು ಅಷ್ಟೆ. ಆದರೆ ಅದರಿಂದ ನೆಲಕ್ಕೆ ನೆಟ್ಟಗೆ ಇಳಿದ ಎಳೆಗಳಿವೆ ನೋಡಿ, ಇಡೀ ಬೇಟೆ ಇರುವುದೇ ಅಲ್ಲಿ. ಪ್ರತಿ ಎಳೆಯ ಬುಡದಲ್ಲಿ ಸಾಲಾಗಿ ಅಂಟಿನ ಹನಿ. ಒಂದು ರಾತ್ರಿ ಕಪ್ಪಿರುವೆಯೊಂದು ಅಂಥ ಎಳೆಗೆ ಕಾಲು ತಾಗಿಸಿತು. ಎಳೆ ನೆಲದಿಂದ ಪಟ್ಟನೆ ಕಳಚಿ ಮೇಲೆ ಸೆಳೆಯಿತು. ಇರುವೆ ಗಾಳಿಯಲ್ಲಿ ಕಾಲು ಬಡಿಯುತ್ತಾ ನೇತಾಡಿತು. ಜೇಡ ಇಳಿದು ಬಂದು ಹಿಂದೆ ತಿರುಗಿತು. ಹಿಂಗಾಲುಗಳಿಂದ ಒದ್ದೆ ನೂಲನ್ನು ಇರುವೆಯ ಮೇಲೆ ಎಸೆಯಿತು, ಮತ್ತೆ ಮತ್ತೆ. ಆ ಕಾಲುಗಳ ತುದಿಯಲ್ಲಿ ಬಾಚಣಿಗೆಯಂಥ ಕೂದಲ ಸಾಲು ಇರುವುದು ಇದಕ್ಕೇ. ಚೆನ್ನಾಗಿ ಕಟ್ಟಿಹಾಕಿದ ಮೇಲೆ ಕಾಲಿಗೆ ಒಂದು ಸಲ ಕಚ್ಚಿ, ಹಿಂದೆ ಸರಿದು ಕಾಯಿತು. ಆ ತಾಳ್ಮೆ ನನಗೆ ತುಂಬಾ ಹಿಡಿಸಿತು.

ವಿಷದ ಮಾತು. ಈ ಗುಂಪಿನ ಜೇಡಗಳ ವಿಷದಲ್ಲಿರುವ ಆಲ್ಫಾ-ಲ್ಯಾಟ್ರೊಟಾಕ್ಸಿನ್ ನರದ ತುದಿಗಳಿಂದ ರಾಸಾಯನಿಕಗಳನ್ನು ಒಮ್ಮೆಲೇ ಹೊರಬಿಡಿಸುತ್ತದೆ. ಅದರಿಂದಲೇ ನೋವು, ಸ್ನಾಯು ಸೆಳೆತ. ಬ್ರೌನ್ ವಿಡೋ ಕಚ್ಚಿದರೆ ಹೆಚ್ಚಾಗಿ ಆ ಜಾಗದಲ್ಲಿ ಉರಿ, ಕೆಂಪು. ಬ್ಲ್ಯಾಕ್ ವಿಡೋ ಕಡಿತದಷ್ಟು ಜೋರಾಗುವುದು ಅಪರೂಪ. ನೋವು ಹರಡಿದರೆ ಮಾತ್ರ ತಡಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು. ನಾನು ಕಂಡಂತೆ ಇದು ಪುಕ್ಕಲು ಪ್ರಾಣಿ. ಬಲೆ ಅಲುಗಿದರೆ ಸಾಕು, ಕಾಲು ಮಡಚಿ ಕೆಳಗೆ ಬಿದ್ದು ಸತ್ತ ಹಾಗೆ ಇರುತ್ತದೆ. ಅಪಾಯ ಇರುವುದು ಕುರ್ಚಿ ಎತ್ತಲು ಅಂಚಿನಡಿ ಬೆರಳು ತೂರಿಸಿದಾಗ, ಜೇಡ ಚರ್ಮಕ್ಕೂ ಪ್ಲಾಸ್ಟಿಕ್ಕಿಗೂ ನಡುವೆ ಸಿಕ್ಕಿಕೊಂಡರೆ. ಅದಕ್ಕೇ ಈಗ ಮೊದಲು ಬಗ್ಗಿ ನೋಡುತ್ತೇನೆ, ದಪ್ಪ ಗ್ಲೌಸ್ ಹಾಕುತ್ತೇನೆ.

ಗಂಡು ನನಗೆ ಕಾಣಲೇ ಇಲ್ಲ. ಆದರೂ ಚೀಲಗಳು ಒಂದರಿಂದ ನಾಲ್ಕಾದವು. ಹೆಣ್ಣು ಒಮ್ಮೆ ಕೂಡಿದರೆ ಸಾಕು, ವೀರ್ಯವನ್ನು ಒಳಗೇ ಕಾಪಿಟ್ಟುಕೊಂಡು ಚೀಲದ ಮೇಲೆ ಚೀಲ ನೇಯುತ್ತದೆ. ಒಂದೊಂದರಲ್ಲೂ ನೂರಕ್ಕೂ ಜಾಸ್ತಿ ಮೊಟ್ಟೆ ಇರಬಹುದು.

ಮೊದಲ ಚೀಲದಲ್ಲಿ ಒಂದು ಬೆಳಗ್ಗೆ ಗುಂಡುಸೂಜಿ ತಲೆಯಷ್ಟು ತೂತು ಕಂಡಿತು. ಸುತ್ತಲಿನ ಎಳೆಗಳ ಮೇಲೆ ಎಳ್ಳು ಚೆಲ್ಲಿದ ಹಾಗೆ ಮರಿಗಳು. ಮೂರನೇ ದಿನ ಬಿಸಿಲೇರಿದಾಗ ಅವು ಕುರ್ಚಿಯ ಬೆನ್ನಿನ ತುದಿಗೆ ಹತ್ತಿ, ಹೊಟ್ಟೆ ಎತ್ತಿ, ನೂಲು ಬಿಟ್ಟು ಗಾಳಿಯಲ್ಲಿ ತೇಲಿಹೋದವು. ಮಧ್ಯಾಹ್ನದ ಹೊತ್ತಿಗೆ ಎಣಿಸಿದೆ, ಉಳಿದದ್ದು ಹನ್ನೊಂದು. ತಾಯಿ ಮೂಲೆ ಬಿಟ್ಟು ಅಲುಗಿರಲಿಲ್ಲ.