ನುಗ್ಗೆಕಾಯಿ ಚೀಪಿದ ಹಾಗೆ

ಬೇಸಿಗೆ ರಂಗಶಿಬಿರಗಳಲ್ಲಿ ಮಕ್ಕಳಿಗೆ ಅಭಿನಯ ಹೇಳಿಕೊಡುತ್ತೇನೆ. ಶಿಬಿರದಲ್ಲಿ ಒಂದು ಸಂಜೆ ಚಾಪ್ಲಿನ್‌ನ 'ದಿ ಗೋಲ್ಡ್ ರಶ್' ಹಾಕುತ್ತೇನೆ. 1925ರ ಮೂಕಿ ಸಿನಿಮಾ. 1942ರಲ್ಲಿ ಚಾಪ್ಲಿನ್ನೇ ಅದಕ್ಕೆ ಸಂಗೀತ, ತನ್ನ ದನಿಯ ನಿರೂಪಣೆ ಸೇರಿಸಿ ಮತ್ತೆ ಬಿಡುಗಡೆ ಮಾಡಿದ. ಮೊದಮೊದಲು ಆ ಪ್ರತಿಯನ್ನೇ ತೋರಿಸುತ್ತಿದ್ದೆ. ಇಂಗ್ಲಿಷ್ ಮಾತು ಬಂದಾಗೆಲ್ಲ ಮಕ್ಕಳು ಪರದೆ ಬಿಟ್ಟು ನನ್ನ ಕಡೆ ತಿರುಗುತ್ತಿದ್ದರು, 'ಏನಂದ ಸರ್?' ಅಂತ. ಈಗ ಮೂಕಿ ಪ್ರತಿಯನ್ನೇ ಹಾಕಿ, ನಡುವೆ ಬರುವ ಬರಹಗಳನ್ನು ಕನ್ನಡದಲ್ಲಿ ಹೇಳುತ್ತೇನೆ. ಅಷ್ಟು ಸಾಕು.

ಮಕ್ಕಳನ್ನು ಹಿಡಿದು ಕೂರಿಸುವುದು ಶೂ ಬೇಯಿಸುವ ದೃಶ್ಯ. ಹೊರಗೆ ಹಿಮ. ಗುಡಿಸಲಲ್ಲಿ ಇಬ್ಬರು, ತಿನ್ನಲು ಏನೂ ಇಲ್ಲ. ಚಾಪ್ಲಿನ್ ತನ್ನದೇ ಶೂ ಬೇಯಿಸುತ್ತಾನೆ. ಮೇಲಿನ ಚರ್ಮ ಆ ದಢೂತಿ ಗೆಳೆಯನಿಗೆ, ಇವನಿಗೆ ಅಟ್ಟೆ. ಲೇಸನ್ನು ಶಾವಿಗೆಯ ಹಾಗೆ ಫೋರ್ಕಿಗೆ ಸುತ್ತಿಕೊಳ್ಳುತ್ತಾನೆ. ಮೊಳೆಗಳನ್ನು ಮೂಳೆಯ ಹಾಗೆ ಚೀಪುತ್ತಾನೆ. ಆ ಶೂ ನಿಜಕ್ಕೂ ಲಿಕರಿಸ್‌ನಲ್ಲಿ, ಅಂದರೆ ಜ್ಯೇಷ್ಠಮಧುವಿನ ಮಿಠಾಯಿಯಲ್ಲಿ ಮಾಡಿದ್ದು. ಇದನ್ನು ಸಿನಿಮಾ ಮುಗಿದ ಮೇಲಷ್ಟೇ ಹೇಳುತ್ತೇನೆ.

ಮರುದಿನ ಖಾಲಿ ತಟ್ಟೆ ಇಟ್ಟು, 'ಈಗ ನೀವು ತಿನ್ನಿ' ಅನ್ನುತ್ತಿದ್ದೆ. ಮಕ್ಕಳು ಮುಖ ಕಿವುಚುತ್ತಿದ್ದರು, ಥೂ ಅನ್ನುತ್ತಿದ್ದರು, ಹೊಟ್ಟೆ ಹಿಡಿದುಕೊಂಡು ಬೀಳುತ್ತಿದ್ದರು. ನೋಡುವವರಿಗೆ ನಗುವೇ ಬರುತ್ತಿರಲಿಲ್ಲ.

ಒಂದು ವರ್ಷ ಹತ್ತು ವರ್ಷದ ಹುಡುಗಿಯೊಬ್ಬಳು ಬಂದು ಚಕ್ಕಂಬಕ್ಕಳ ಹಾಕಿ ಕೂತಳು. ಇಲ್ಲದ ಮೊಳೆಯೊಂದನ್ನು ಎತ್ತಿಕೊಂಡಳು. ಸಾರಿನಲ್ಲಿ ಬೆಂದ ನುಗ್ಗೆಕಾಯಿಯ ಹಾಗೆ ಹಲ್ಲಿಗೆ ಕೊಟ್ಟು ನಿಧಾನಕ್ಕೆ ಎಳೆದಳು. ತಿರುಗಿಸಿ ನೋಡಿದಳು. ಇನ್ನೂ ಏನೋ ಉಳಿದಿದೆ ಅನ್ನಿಸಿತೇನೋ, ಮತ್ತೆ ಚೀಪಿ, ತಟ್ಟೆಯ ಅಂಚಿಗೆ ನೀಟಾಗಿ ಇಟ್ಟಳು. ಕೂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. 'ನಮ್ಮಜ್ಜಿ ಹೀಗೇ ತಿನ್ನೋದು ಸರ್' ಅಂದಳು.

ಚಾಪ್ಲಿನ್ ಮಾಡಿದ್ದೂ ಅದೇ ಅಲ್ವಾ? ಹಸಿದವನಿಗೆ ಅದು ಶೂ ಅಲ್ಲ, ಊಟ. ಅವನು ನಮ್ಮನ್ನು ನಗಿಸಲು ಕೂತಿಲ್ಲ, ಉಣ್ಣಲು ಕೂತಿದ್ದಾನೆ. ಇಷ್ಟು ವರ್ಷ ಆದರೂ ಆ ದೃಶ್ಯ ಹಳತಾಗದೇ ಇರುವುದು ಅದಕ್ಕೇ ಅಂತ ನನಗೆ ಆವತ್ತು ಹೊಳೆಯಿತು.

ಆಮೇಲೆ ಪಾಠದ ಕ್ರಮ ಬದಲಿಸಿದೆ. ಮೊದಲ ದಿನ, 'ಮನೆಯಲ್ಲಿ ಯಾರು ಹೇಗೆ ಊಟ ಮಾಡುತ್ತಾರೆ, ಸುಮ್ನೆ ನೋಡಿಕೊಂಡು ಬನ್ನಿ' ಅನ್ನುತ್ತೇನೆ. ಸಿನಿಮಾ ಎರಡನೇ ದಿನ. ಈಗ ಮೊಳೆ ಚೀಪುವವರೆಗೂ ಮಕ್ಕಳು ಕಾಯುವುದಿಲ್ಲ. ಶೂ ಬೆಂದಿದೆಯಾ ಅಂತ ಅವನು ಫೋರ್ಕ್ ಚುಚ್ಚಿ ನೋಡುವಾಗಲೇ ನಗು ಶುರುವಾಗುತ್ತದೆ.