ಅಡಿಕೆ ಕಳುವಾದರೆ ದೂರು ಬರೆಯುವ ಬಗೆ: ಕ್ರಿಮಿನಲ್ ಕಾನೂನಿನ ಮೂಲ ಪದಗಳು

ಶಿರಸಿ, ಸಿದ್ದಾಪುರದ ಕಡೆ ಅಂಗಳದಲ್ಲಿ ಒಣಹಾಕಿದ ಅಡಿಕೆ ಕಳುವಾದಾಗ ಠಾಣೆಗೆ ಹೋಗುವವರು ಸಾಮಾನ್ಯವಾಗಿ ಯಾರ ಮೇಲೆ ಅನುಮಾನವಿದೆ ಎಂಬುದನ್ನೇ ಮೊದಲು ಬರೆಯುತ್ತಾರೆ. ಎಷ್ಟು ಅಡಿಕೆ, ಅದರ ಬೆಲೆ ಎಷ್ಟು, ಎಲ್ಲಿ ಇಟ್ಟಿತ್ತು ಎಂಬ ಸಂಗತಿಗಳು ಕೊನೆಗೆ ಬರುತ್ತವೆ, ಇಲ್ಲವೇ ಬರುವುದೇ ಇಲ್ಲ. ಆದರೆ ಪ್ರಕರಣದ ದಾರಿಯನ್ನು ನಿರ್ಧರಿಸುವವು ಈ ಮೂರು ಸಂಗತಿಗಳೇ.

2024ರ ಜುಲೈ 1ರಿಂದ ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯೂ, ತನಿಖೆ ಮತ್ತು ವಿಚಾರಣೆಯ ಕ್ರಮ ಹೇಳುವ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಬಂದಿವೆ. ಅದಕ್ಕೂ ಮೊದಲು ನಡೆದ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯ ಕಲಮುಗಳೇ ಅನ್ವಯಿಸುವುದರಿಂದ, ಘಟನೆಯ ದಿನಾಂಕವನ್ನು ದೂರಿನಲ್ಲಿ ತಪ್ಪದೆ ನಮೂದಿಸಬೇಕು.

ಬಹುತೇಕ ಅಪರಾಧಗಳಲ್ಲಿ ಕೃತ್ಯದ ಜೊತೆಗೆ ಅದರ ಹಿಂದಿನ ಉದ್ದೇಶವನ್ನೂ ನೋಡಲಾಗುತ್ತದೆ. ಒಬ್ಬರ ಸ್ವಾಧೀನದಲ್ಲಿರುವ ಚರ ಸ್ವತ್ತನ್ನು ಅವರ ಸಮ್ಮತಿಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ತೆಗೆದುಕೊಳ್ಳಲು ಕದಲಿಸಿದರೆ ಅದು ಕಳ್ಳತನ. ಗಡಿಯಂಚಿನ ಮರ ತನ್ನದೇ ಎಂದು ಪ್ರಾಮಾಣಿಕವಾಗಿ ನಂಬಿ ಪಕ್ಕದ ತೋಟದವರು ಅಡಿಕೆ ಗೊನೆ ಕೊಯ್ದುಕೊಂಡರೆ ಅದು ಕಳ್ಳತನವಾಗುವುದಿಲ್ಲ; ಅಂಥ ಗಡಿ ತಕರಾರು ಸಿವಿಲ್ ನ್ಯಾಯಾಲಯಕ್ಕೆ ಸೇರಿದ್ದು. ಸಿಟ್ಟು ಎಷ್ಟೇ ಇದ್ದರೂ ಇಂಥದ್ದನ್ನು ಕಳ್ಳತನವೆಂದು ಬರೆದುಕೊಡುವುದು ಜಾಣತನವಲ್ಲ.

ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಮತ್ತು ಮ್ಯಾಜಿಸ್ಟ್ರೇಟರ ಆದೇಶಕ್ಕೆ ಕಾಯದೆ ತನಿಖೆ ಮಾಡಬಹುದಾದ ಅಪರಾಧ ಸಂಜ್ಞೇಯ. ಆದೇಶವಿಲ್ಲದೆ ತನಿಖೆ ಮಾಡಲಾಗದ್ದು ಅಸಂಜ್ಞೇಯ, ಠಾಣೆಯ ಮಾತಿನಲ್ಲಿ ಎನ್‌ಸಿ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸ್ವತ್ತಿನ ಸಾಮಾನ್ಯ ಕಳ್ಳತನ ಅಸಂಜ್ಞೇಯವಾಗಿದೆ. ಮೊದಲ ಬಾರಿ ಶಿಕ್ಷೆಗೆ ಒಳಗಾಗುವವನು ಅಷ್ಟು ಸ್ವತ್ತನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಆದ್ದರಿಂದ ‘ಸ್ವಲ್ಪ ಅಡಿಕೆ ಹೋಗಿದೆ’ ಎಂದು ಬರೆಯದೆ, ಚಾಲಿಯೋ (ಒಣಗಿಸಿ ಸುಲಿದ ಬಿಳಿ ಅಡಿಕೆ) ರಾಶಿಯೋ (ಬೇಯಿಸಿ ಒಣಗಿಸಿದ ಕೆಂಪಡಿಕೆ), ಎಷ್ಟು ಕಿಲೋ, ಅಂದಿನ ಮಾರುಕಟ್ಟೆ ದರದಲ್ಲಿ ಎಷ್ಟು ಮೊತ್ತ ಎಂಬುದನ್ನು ಬರೆಯಿರಿ. ಜಾಗವೂ ಅಷ್ಟೇ ಮುಖ್ಯ: ಅಂಗಳದಿಂದ ಹೋದರೆ ನ್ಯಾಯ ಸಂಹಿತೆಯ 303ನೇ ಕಲಮು, ಮೊದಲ ಬಾರಿಯ ಅಪರಾಧಕ್ಕೆ ಗರಿಷ್ಠ ಮೂರು ವರ್ಷ ಸಜೆ, ವಾಸದ ಮನೆಯಿಂದ ಅಥವಾ ಸ್ವತ್ತನ್ನು ಕಾಪಿಡುವ ಕಟ್ಟಡದಿಂದ ಹೋದರೆ 305ನೇ ಕಲಮು, ಏಳು ವರ್ಷದವರೆಗೆ ಸಜೆ, ಮತ್ತು ಅಲ್ಲಿ ಬೆಲೆಯ ಮಿತಿಯಿಲ್ಲ.

ಸಂಜ್ಞೇಯ ಅಪರಾಧದ ಮಾಹಿತಿಯನ್ನು ಠಾಣೆಯಲ್ಲಿ ದಾಖಲಿಸಿದ್ದೇ ಪ್ರಥಮ ವರ್ತಮಾನ ವರದಿ, ಎಂದರೆ ಎಫ್‌ಐಆರ್. ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಮಲ್ಪೆಯಲ್ಲಿ ದೋಣಿ ನಿಂತಿದ್ದಾಗ ಬಲೆ ಕಳುವಾಗಿದ್ದರೂ ಕಾರವಾರದ ಮೀನುಗಾರರು ತಮ್ಮೂರಿನ ಠಾಣೆಯಲ್ಲೇ ದೂರು ಕೊಡಬಹುದು. ಹೀಗೆ ವ್ಯಾಪ್ತಿಯ ಹೊರಗಿನ ಠಾಣೆಯಲ್ಲಿ ದಾಖಲಾಗಿ ಸಂಬಂಧಪಟ್ಟ ಠಾಣೆಗೆ ವರ್ಗವಾಗುವುದನ್ನು ಶೂನ್ಯ ಎಫ್‌ಐಆರ್ ಎನ್ನುತ್ತಾರೆ. ಠಾಣೆಯವರು ದಾಖಲಿಸಲು ಒಪ್ಪದಿದ್ದರೆ ದೂರಿನ ಸಾರವನ್ನು ಕಾರವಾರದಲ್ಲಿರುವ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಅಂಚೆಯಲ್ಲಿ ಕಳಿಸಿ, ಆಮೇಲೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬೇಕು. ಅಂಚೆ ರಶೀದಿಯನ್ನು ಎಸೆಯಬೇಡಿ. ಸಾದಾ ಹೊಡೆತ, ಸಾಮಾನ್ಯ ಬೆದರಿಕೆ ಮುಂತಾದ ಅಸಂಜ್ಞೇಯ ಪ್ರಕರಣಗಳಲ್ಲಿ ಠಾಣೆಯವರು ವಿವರ ಬರೆದುಕೊಂಡು ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸುವುದು ಕಾನೂನಿನ ಕ್ರಮವೇ ಹೊರತು ಉದಾಸೀನವಲ್ಲ.

ಬಂಧಿತನಿಗೆ ಬಂಧನದ ಕಾರಣ ತಿಳಿಸಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಘಟ್ಟ ಇಳಿಯುವ ಪ್ರಯಾಣದ ಹೊತ್ತು ಈ ಲೆಕ್ಕಕ್ಕೆ ಸೇರುವುದಿಲ್ಲ. ಜಾಮೀನೀಯ ಅಪರಾಧದಲ್ಲಿ ಜಾಮೀನು ಹಕ್ಕು. ಜಾಮೀನುರಹಿತ ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದಲ್ಲ, ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಬಂಧನದ ಭೀತಿಯಿರುವವರು ನಿರೀಕ್ಷಣಾ ಜಾಮೀನಿಗಾಗಿ ಸೆಷನ್ಸ್ ನ್ಯಾಯಾಲಯಕ್ಕೆ ಅಥವಾ ಹೈಕೋರ್ಟಿಗೆ ಹೋಗಬಹುದು. ಉತ್ತರ ಕನ್ನಡದವರಿಗೆ ಅದು ಧಾರವಾಡ ಪೀಠ.

ತನಿಖೆಯಲ್ಲಿ ಸಾಕ್ಷ್ಯ ಸಿಕ್ಕರೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗುತ್ತದೆ. ಆಗಲೂ ಅವನು ಆರೋಪಿಯೇ, ತೀರ್ಪಿನಲ್ಲಿ ದೋಷಿಯೆಂದು ಸಾಬೀತಾದ ಮೇಲಷ್ಟೇ ಅಪರಾಧಿ. ಕಳ್ಳ ಪತ್ತೆಯಾಗದಿದ್ದರೆ ‘ಸಿ’ ರಿಪೋರ್ಟ್, ದೂರು ಸುಳ್ಳು ಅಥವಾ ತಪ್ಪು ಗ್ರಹಿಕೆಯದ್ದು ಎಂದು ಕಂಡರೆ ‘ಬಿ’ ರಿಪೋರ್ಟ್ ಸಲ್ಲಿಸುತ್ತಾರೆ. ‘ಬಿ’ ರಿಪೋರ್ಟಿನ ನೋಟಿಸು ಕೈಗೆ ಬಂದರೆ ಪ್ರಕರಣ ಮುಗಿಯಿತೆಂದು ಸುಮ್ಮನಾಗದೆ, ಅದರಲ್ಲಿ ಹೇಳಿದ ದಿನ ನ್ಯಾಯಾಲಯಕ್ಕೆ ಹಾಜರಾಗಿ ತಕರಾರು ಅರ್ಜಿ ಸಲ್ಲಿಸಲು ಅವಕಾಶವಿದೆ. ವಕೀಲರನ್ನು ನೇಮಿಸಿಕೊಳ್ಳಲಾಗದವರು ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲೂಕಿನ ಸಮಿತಿಗೋ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಹಾಗೂ ಬಂಧನದಲ್ಲಿರುವವರಿಗೆ ಅಲ್ಲಿ ಆದಾಯದ ಮಿತಿಯಿಲ್ಲ.